ತಾರಿಹಾಳದಲ್ಲಿ ಮಿಲ್ಲು ಬಿಚ್ಚಿಸುತ್ತ ಕೂತಿದ್ದೇನೆ

ಹುಬ್ಬಳ್ಳಿಗೆ ಬಂದ ಎರಡನೆಯ ದಿನ ಸಂಜೆ ನನ್ನ ಕಣ್ಣೆದುರಿಗೇ ಒಂದು ಹಿಟ್ಟಿನ ಮಿಲ್ಲು ಸಿಡಿದುಹೋಯಿತು. ಸದ್ದಿಲ್ಲ, ಹೊಗೆಯಿಲ್ಲ. ಕಲ್ಲು ಒಂದು ಕಡೆ ಹಾರಿತು, ಪುಲ್ಲಿ ಒಂದು ಕಡೆ ಹಾರಿತು, ಬೋಲ್ಟುಗಳು ಸಾಲಾಗಿ ಗಾಳಿಯಲ್ಲಿ ನಿಂತವು. ಒಂದೂ ಕೆಳಗೆ ಬೀಳಲಿಲ್ಲ. ಮೂವತ್ತು ವರ್ಷ ಮಿಲ್ಲು ನಡೆಸಿದವಳು ನಾನು. ಎದ್ದು ಹೋಗಿ ಗೋಡೆಗೆ ಒರಗಿ ನಿಂತುಬಿಟ್ಟೆ. ಕಂಪ್ಯೂಟರಿನ ಮುಂದೆ ಕೂತಿದ್ದ ಮೊಮ್ಮಗಳು ಮಮತಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಜ್ಜಿ, ಕೂತ್ಕೋ ಬಾ. ಸಿಡಿದಿಲ್ಲ. ಬಿಚ್ಚಿ ತೋರಿಸ್ತಿದೀನಿ ಅಷ್ಟೆ.”

ಅವಳು ಇನ್ನೊಂದು ಗುಂಡಿ ಒತ್ತಿದಳು. ಚೂರುಗಳೆಲ್ಲ ವಾಪಸು ಬಂದು ಒಂದರೊಳಗೊಂದು ಕೂತವು. ಇದಕ್ಕೆ ಎಕ್ಸ್‌ಪ್ಲೋಡೆಡ್ ವ್ಯೂ ಎನ್ನುತ್ತಾರಂತೆ. ನಾನು ಬಿಚ್ಚಿದ ಚಿತ್ರ ಎನ್ನುತ್ತೇನೆ. ಯಂತ್ರದ ಒಂದೊಂದು ಭಾಗವನ್ನೂ ಅದು ಕೂತಿದ್ದ ಜಾಗದಿಂದ ನೇರಕ್ಕೆ ಎಳೆದು ದೂರ ಇಟ್ಟು, ಯಾವುದರ ಮುಂದೆ ಯಾವುದು ಎಂದು ತೋರಿಸುವ ಚಿತ್ರ.

ಈ ವಯಸ್ಸಿನಲ್ಲಿ ಚಿಕ್ಕತಾಯಮ್ಮ ಅಷ್ಟು ದೂರ ಯಾಕೆ ಹೋದಳು ಎಂದು ಮಳವಳ್ಳಿಯಲ್ಲಿ ನೀವೆಲ್ಲ ಕೇಳುತ್ತೀರಂತೆ. ಹೇಳುತ್ತೇನೆ. ಮಮತಾ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿ ಪಕ್ಕದ ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಯಂತ್ರದ ಚಿತ್ರ ಬಿಡಿಸುವ ಕೆಲಸಕ್ಕೆ ಸೇರಿದಳು. ಅವರು ಮಾಡುವುದು ಮನೆಯಲ್ಲಿಟ್ಟು ನಡೆಸುವಂಥ ಸಣ್ಣ ಮಿಲ್ಲು. ಮನೆ ಸಿಕ್ಕಿದ್ದು ರಾಯಾಪುರದಲ್ಲಿ, ಮಹಡಿಯ ಮೇಲೆ. ಒಂಟಿ ಹುಡುಗಿಗೆ ಕೊಡುವುದಿಲ್ಲ, ಜೊತೆಗೆ ಹಿರಿಯರು ಯಾರಾದರೂ ಇರಬೇಕು ಎಂದರು. ಅವಳ ಅಪ್ಪ, ಅಂದರೆ ನನ್ನ ಮಗ, ಊರಿನ ಮಿಲ್ಲು ನೋಡಿಕೊಳ್ಳಬೇಕು. ಅವನಿಗೆ ಮಿಲ್ಲು ಬಿಟ್ಟುಕೊಟ್ಟು ಖಾಲಿ ಕೂತಿದ್ದವಳು ನಾನೊಬ್ಬಳೇ. ಬಾಡಿಗೆ ಕರಾರಿಗೆ ಬೇಕಾದ ಒಂದು ಸಾಮಾನಾಗಿ ನಾನು ಇಲ್ಲಿಗೆ ಬಂದೆ. ಮೂರನೇ ಕ್ಲಾಸು ಓದಿದವಳು. ನಾನು ಬರೆದದ್ದರ ಕಾಗುಣಿತವನ್ನು ಮಮತಾ ತಿದ್ದುತ್ತಾಳೆ. ಮಾತು ತಿದ್ದಬೇಡ ಎಂದಿದ್ದೇನೆ.

ಇಲ್ಲಿ ರಾಗಿ ಎಂದರೆ ಸಕ್ಕರೆ ಕಾಯಿಲೆಯವರ ಊಟ. ಅಂಗಡಿಯವನು ಕೇಳುತ್ತಾನೆ, “ಯಾರಿಗ್ರಿ ಶುಗರ್?” ಮೊದಲ ವಾರ ಜೋಳದ ಹಿಟ್ಟಿನಲ್ಲೇ ಮುದ್ದೆ ತಿರುವಲು ಹೋದೆ. ಗೋಡೆಗೆ ಪೋಸ್ಟರ್ ಅಂಟಿಸಲು ಆಗುವಂಥದ್ದೇನೋ ಆಯಿತು. ಕೆಳಗಿನ ಮನೆಯ ಶಾಂತಕ್ಕ, ಮನೆಯ ಯಜಮಾನಿ, ಪಾತ್ರೆಯೊಳಗೆ ಇಣುಕಿ, “ಆಯೀ, ಇದನ್ನ ಬಡೀಬೇಕ್ರಿ, ತಿರುವೂದಲ್ಲ,” ಎಂದಳು. ಆಯಿ ಎಂದರೆ ಇಲ್ಲಿ ಅಜ್ಜಿ. ಒಂದು ತಿಂಗಳು ಹಿಟ್ಟು ಬಡಿದೆ. ಹರಿಯದೆ ಬಂದ ಮೊದಲ ರೊಟ್ಟಿಯನ್ನು ಶಾಂತಕ್ಕನ ಮನೆಗೇ ತೆಗೆದುಕೊಂಡು ಹೋಗಿ ಅವಳ ಮುಂದೆ ಇಟ್ಟು ಬಂದೆ. ಅವಳು ಅದರ ಮೇಲೆ ಬೆಣ್ಣೆ ಹಚ್ಚಿಕೊಂಡು ತಿಂದಳು.

ಕಷ್ಟವಾಗಿದ್ದು ಮಾತು. ಪದ ಅಲ್ಲ, ಪದ ಕಲಿಯಬಹುದು. ಮಿಲ್ಲಿಗೆ ಗಿರಣಿ, ಬೇಗ ಅನ್ನುವುದಕ್ಕೆ ಲಗೂ, ಚೆನ್ನಾಗಿದೆ ಅನ್ನುವುದಕ್ಕೆ ಛಲೋ. ಆದರೆ ನಮ್ಮ ಕಡೆ ಬೈದರೆ ಬೈದ ಹಾಗೆ ಇರುತ್ತದೆ, ಕೇಳಿದವನಿಗೆ ಗೊತ್ತಾಗುತ್ತದೆ. ಇಲ್ಲಿ ಪ್ರತಿ ಮಾತಿನ ಕೊನೆಗೂ ಒಂದು ‘ರಿ’ ಹಚ್ಚುತ್ತಾರೆ. ರಸ್ತೆಗೆ ಅಡ್ಡ ನಿಂತ ಎಮ್ಮೆಗೆ ಆಟೋದವನು “ಸರೀರಿ” ಎಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಯಾರು ಮರ್ಯಾದೆ ಕೊಡುತ್ತಿದ್ದಾರೆ, ಯಾರು ಮರ್ಯಾದೆಯ ಒಳಗೆ ಸೂಜಿ ಇಟ್ಟು ಕೊಡುತ್ತಿದ್ದಾರೆ ಎಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು.

ಒಂಟಿತನ ಎಂದು ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ. ಬೆಳಗಿನಿಂದ ಸಂಜೆವರೆಗೆ ಕೈಗೆ ಹಿಟ್ಟು ಮೆತ್ತದೆ ಕೂರುವುದು ಮಾತ್ರ ಜ್ವರ ಬಂದ ಹಾಗಿತ್ತು. ಮಮತಾ ಸಂಜೆ ಬಂದು ಲ್ಯಾಪ್‌ಟಾಪು ತೆರೆದ ಮೇಲೆ ಜ್ವರ ಬಿಡುತ್ತಿತ್ತು.

ಅವರ ಮಿಲ್ಲು ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಹೋಗುತ್ತದೆ. ಕೊಳ್ಳುವವರು ಹೆಚ್ಚಾಗಿ ಹೆಂಗಸರ ಸಂಘದವರು. ಅವರೇ ಕೂಡಿಸಿಕೊಳ್ಳಬೇಕು. ಜೊತೆಗೆ ಒಂದು ಪುಸ್ತಕ ಹೋಗುತ್ತದೆ, ಅದರಲ್ಲಿ ಈ ಬಿಚ್ಚಿದ ಚಿತ್ರ. ಆ ಚಿತ್ರ ಮಾಡುವ ಕೆಲಸ ಮಮತಾಳದು. ತಾನಾಗಿ ಬಿಚ್ಚುವ ಗುಂಡಿಯೊಂದು ಕಂಪ್ಯೂಟರಿನಲ್ಲಿ ಇದೆ. ಅದನ್ನು ಒತ್ತಿದರೆ ಎಲ್ಲವೂ ದಿಕ್ಕಾಪಾಲು. ಯಾವುದು ಮೊದಲು ಬರಬೇಕು, ಯಾವುದು ಆಮೇಲೆ ಎಂದು ಅದಕ್ಕೆ ಗೊತ್ತಿಲ್ಲ.

“ಇದು ಯಾರೋ ಕುಡುಕ ಬಿಚ್ಚಿದ ಮಿಲ್ಲು ಕಣವ್ವ,” ಎಂದೆ.

“ಹಂಗಾದ್ರೆ ನೀನು ಹೆಂಗೆ ಬಿಚ್ತಿದ್ದೆ, ಹೇಳು.”

ಹೇಳಿದೆ. ನಮ್ಮ ಮಿಲ್ಲಿನಲ್ಲಿ ಬಿಚ್ಚುವ ದಿನ ನೆಲದ ಮೇಲೆ ಒಗೆದ ಬಿಳಿ ಪಂಚೆ ಹಾಸುವುದು. ಮೊದಲು ಬಿಚ್ಚಿದ್ದು ಎಡತುದಿಗೆ, ಅದರ ಬಲಕ್ಕೆ ಎರಡನೆಯದು. ಕೊನೆಯದು ಬಲತುದಿಗೆ. ಕೂಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು. ಹಾಸಿದ ಪಂಚೆಯನ್ನು ಯಾರೂ ದಾಟಕೂಡದು. ಯಾಕೆ ಎಂದರೆ ದಾಟುವ ಕಾಲು ಒಂದು ವಾಷರನ್ನು ಒದ್ದರೆ ಸಾಕು, ಆ ದಿನವೆಲ್ಲ ಹಾಳು. ನನ್ನ ಗಂಡ ಒಂದು ಸಲ ದಾಟಿದ್ದಕ್ಕೆ ಅವತ್ತು ಅವನಿಗೆ ಊಟ ಹಾಕಲಿಲ್ಲ.

ಮಮತಾ ಅದನ್ನೇ ಪರದೆಯ ಮೇಲೆ ಮಾಡಿದಳು. ಒಂದು ಭಾಗವನ್ನು ಮುಟ್ಟಿದರೆ ಕೆಂಪು, ಹಸಿರು, ನೀಲಿ ಮೂರು ಬಾಣ ಹುಟ್ಟುತ್ತವೆ. ಯಾವ ಬಾಣ ಹಿಡಿದು ಎಳೆದರೆ ಆ ದಿಕ್ಕಿಗೆ ಮಾತ್ರ ಸರಿಯುತ್ತದೆ, ಎಲ್ಲಿಂದ ಬಂತು ಎಂದು ತೋರಿಸಲು ಹಿಂದೆ ಒಂದು ಚುಕ್ಕೆಗೆರೆ ಉಳಿಯುತ್ತದೆ. “ಅಜ್ಜಿ, ಮುಂದ್ಕೆ ಯಾವ್ದು?” ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ, ಅವಳು ಎಳೆಯುತ್ತಿದ್ದಳು. ಕೊನೆಗೆ ಕೂಡಿಸುವ ಕ್ರಮದಲ್ಲಿ ಒಂದೊಂದಕ್ಕೂ ಒಂದು ಅಂಕಿ ಹಾಕಿದಳು. ಓದು ಬಾರದ ಹೆಂಗಸೂ ಅಂಕಿ ಹಿಡಿದು ಮಿಲ್ಲು ಕೂಡಿಸಬಹುದು. ನನ್ನಂಥವರಿಗೆ ಅದೇ ಅಕ್ಷರ.

ಮುಂದಿನ ಕಥೆಗೆ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳಿ. ಕಲ್ಲು ತಿರುಗಿಸುವ ದಂಡದ ತುದಿಯಲ್ಲಿ, ಅದು ಸಲೀಸಾಗಿ ತಿರುಗಲು, ಬೇರಿಂಗು. ಬೇರಿಂಗಿನ ಮೇಲೆ ತಟ್ಟೆಯಂಥ ಒಂದು ಧೂಳುಮುಚ್ಚಳ. ಅದರ ಮೇಲೆ ಪುಲ್ಲಿ, ಅಂದರೆ ಬೆಲ್ಟು ಓಡುವ ಚಕ್ರ. ಮೊದಲು ಮುಚ್ಚಳ, ಆಮೇಲೆ ಪುಲ್ಲಿ. ಮುಚ್ಚಳ ಅದರ ಜಾಗದಲ್ಲಿ ಇಲ್ಲದಿದ್ದರೆ ಒಳಗಿನ ಹಿಟ್ಟೆಲ್ಲ ಬೇರಿಂಗಿಗೆ ನುಗ್ಗುತ್ತದೆ.

ಮಮತಾಳ ಮೇಲೆ ಇದ್ದವರು ಅರವಿಂದ ಸರ್. ಡಿಸೈನಿಗೆ ಅವರೇ ಮುಖ್ಯಸ್ಥರು. ಕೆಲಗೇರಿ ಕಡೆಯವರು, ದಿನವೂ ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ತಾರಿಹಾಳಕ್ಕೆ ಹೋಗುವವರು. ಮಾತೆಂದರೆ ಹಾಲಿಗೆ ಕೇಸರಿ ಹಾಕಿದ ಹಾಗೆ. ಮಮತಾಳ ಚಿತ್ರ ನೋಡಿ ಹೊಗಳಿದರು. ಆಮೇಲೆ ಅದರಲ್ಲಿ ಸಣ್ಣ ಮುಚ್ಚಳ ದೊಡ್ಡ ಪುಲ್ಲಿಯ ಹಿಂದೆ ಮರೆಯಾಗಿದೆ, ಚಂದ ಕಾಣುವುದಿಲ್ಲ ಎಂದು ಅದನ್ನು ಬಾಣ ಹಿಡಿದು ಎಳೆದು ಪುಲ್ಲಿಯ ಈಚೆಗೆ ತಂದಿಟ್ಟರು. ಅಂಕಿಗಳನ್ನೂ ಅದಲುಬದಲು ಮಾಡಿದರು. ಒಂಬತ್ತು ಪುಲ್ಲಿ, ಹತ್ತು ಮುಚ್ಚಳ. ಮಮತಾ, “ಸರ್, ಹಿಂಗೆ ಕೂರಲ್ಲ, ಮಿಲ್ಲು ನಡೆಸಿದ ನಮ್ಮಜ್ಜೀನೇ ಹೇಳಿಕೊಟ್ಟಿದ್ದು,” ಎಂದಳಂತೆ. “ನೋಡ್ಲಿಕ್ಕೆ ಛಲೋ ಕಾಣಬೇಕವಾ,” ಎಂದರಂತೆ. ಚಿತ್ರದ ಮೂಲೆಯಲ್ಲಿ ಒಂದು ಚೌಕ ಇರುತ್ತದೆ, ಬಿಡಿಸಿದವರು ಯಾರು ಎಂದು ಬರೆಯಲು. ಅಲ್ಲಿ ತಮ್ಮ ಹೆಸರು ಹಾಕಿಕೊಂಡು ಅಚ್ಚಿಗೆ ಕಳಿಸಿದರು.

ಎರಡು ತಿಂಗಳಿಗೆ ಮಿಲ್ಲುಗಳು ವಾಪಸು ಬರತೊಡಗಿದವು. ಒಂದರ ಹಿಂದೆ ಒಂದು, ಏಳು. ಎಲ್ಲದರ ಬೇರಿಂಗೂ ಹಿಟ್ಟು ತುಂಬಿ, ಕಾದು, ಕಚ್ಚಿಕೊಂಡಿತ್ತು. ಹೆಂಗಸರು ಚಿತ್ರ ನೋಡಿ ಅಂಕಿಯ ಪ್ರಕಾರವೇ ಕೂಡಿಸಿದ್ದರು. ಅರವಿಂದ ಸರ್ ಏನು ಮಾಡಿದರು ಗೊತ್ತೆ? ಕಂಪ್ಯೂಟರಿನಲ್ಲಿದ್ದ ಚಿತ್ರದ ಚೌಕದಿಂದ ತಮ್ಮ ಹೆಸರು ಅಳಿಸಿ ಮಮತಾಳ ಹೆಸರು ಹಾಕಿ, ಹೊಸದಾಗಿ ಅಚ್ಚು ತೆಗೆದು ಮಾಲೀಕರ ಮುಂದೆ ಇಟ್ಟರು. ಹಳೆಯ ಪುಸ್ತಕಗಳೆಲ್ಲ ಪೆಟ್ಟಿಗೆಗಳ ಜೊತೆ ಹಳ್ಳಿಗಳಿಗೆ ಹೋಗಿಯಾಗಿತ್ತು. ಮಾಲೀಕರು ಅವನ್ನು ಕಂಡೇ ಇರಲಿಲ್ಲ.

ಒಂದು ಬುಧವಾರ ಅರವಿಂದ ಸರ್ ನಮ್ಮ ಮನೆಗೆ ಬಂದರು. ನಾನು ಉಪ್ಪಿಟ್ಟು ಕೊಟ್ಟೆ. ತಿಂದರು, ಇನ್ನೊಂದು ಸಲ ಹಾಕಿಸಿಕೊಂಡರು. ಕೈ ತೊಳೆದ ಮೇಲೆ ಮಮತಾಳಿಗೆ ಹೇಳಿದರು, ತಪ್ಪು ನನ್ನದು ಎಂದು ಬರೆದುಕೊಟ್ಟು ನೀನಾಗಿ ಕೆಲಸ ಬಿಡು, ಸೋಮವಾರದೊಳಗೆ. ಬರೆದುಕೊಟ್ಟರೆ ಬೇರೆ ಕಡೆಗೆ ಒಳ್ಳೆಯ ಮಾತು ಹೇಳುತ್ತೇನೆ. ಇಲ್ಲದಿದ್ದರೆ ಹುಬ್ಬಳ್ಳಿಯಲ್ಲಿ ಯಾರೂ ನಿನ್ನ ಕೈಗೆ ಮೌಸು ಕೊಡುವುದಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದರು.

“ಆಯಿಯವರ, ಹುಡುಗಿ ಶಾಣ್ಯಾ ಅದಾಳರಿ. ಆದ್ರ ಮನ್ಯಾಗ ಕಲಿಸೋರು ಸಾಲಿ ಕಲೀದವರಿದ್ರ ಹಿಂಗ ಆಗ್ತದರಿ. ತಪ್ಪ ತಿಳ್ಕೋಬ್ಯಾಡ್ರಿ.”

ತಪ್ಪು ತಿಳಿದುಕೊಳ್ಳಲಿಲ್ಲ. ಸರಿಯಾಗಿಯೇ ತಿಳಿದುಕೊಂಡೆ. ಅವರು ಹೋದ ಮೇಲೆ ಆ ತಟ್ಟೆಯನ್ನು ಬೂದಿ ಹಾಕಿ ಮೂರು ಸಲ ಉಜ್ಜಿದೆ. ಮಮತಾ ಅಳಲಿಲ್ಲ. ಲ್ಯಾಪ್‌ಟಾಪು ಮುಚ್ಚಿ ಅದರ ಮೇಲೆ ತಲೆಯಿಟ್ಟುಕೊಂಡು, “ಬರೆದುಕೊಟ್ಬುಡ್ತೀನಿ ಅಜ್ಜಿ, ಊರಿಗೆ ಹೋಗ್ಬುಡಣ,” ಎಂದಳು.

“ಊರಿಗೆ ಹೋಗಣ. ಅವನ ಮಕಕ್ಕೆ ಬಳಿದು ಹೋಗಣ,” ಎಂದೆ.

ದಾರಿ ಶಾಂತಕ್ಕನಿಂದಲೇ ಬಂತು. ಮರುದಿನ ಬೆಳಗ್ಗೆ ಅವಳು ಒಂದು ಪುಸ್ತಕ ಹಿಡಿದು ಮಹಡಿ ಹತ್ತಿದಳು. ಈ ಓಣಿಯ ಹೆಂಗಸರ ಸಂಘಕ್ಕೆ ಅವಳೇ ಮುಖ್ಯಸ್ಥೆ. ಅವರೂ ಒಂದು ಮಿಲ್ಲು ತರಿಸಿದ್ದರು, ಕರೆಂಟಿನ ಲೈನು ಬಂದಿಲ್ಲವೆಂದು ಪೆಟ್ಟಿಗೆ ಒಡೆಯದೆ ಅಂಗಳದ ಮೂಲೆಯಲ್ಲಿ ಇಟ್ಟಿದ್ದರು.

“ಆಯೀ, ಲೈನ್ ಬಂತ್ರಿ, ಇವತ್ತ ಪೆಟಿಗಿ ಒಡದೇವಿ. ಇದು ನಿಮ್ಮ ಹುಡುಗಿ ಬಿಡಿಸಿದ್ದ ಅಲ್ರಿ? ಸ್ವಲ್ಪ ಹೇಳಿಕೊಡ್ರಲಾ.”

ಪುಸ್ತಕ ತೆಗೆದುಕೊಂಡೆ. ಚೌಕದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ಬಿಡಿಸಿದವರು: ಅರವಿಂದ. ಮೊದಲ ಅಚ್ಚಿನ ಪುಸ್ತಕ. ಮಮತಾ ಅದನ್ನು ಕಿತ್ತುಕೊಂಡು ಆಗಲೇ ಮಾಲೀಕರ ಹತ್ತಿರ ಓಡಲು ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಕಾಗದ ತೋರಿಸಿದ್ರೆ ಕಾಗದದಲ್ಲೇ ಜಾರ್ಕೊತಾನೆ. ಅಚ್ಚಿನವರು ತಪ್ಪು ಮಾಡವ್ರೆ ಅಂತಾನೆ. ಅವನ ಕೈಯಿಂದಲೇ ಆಗ್ಬೇಕು. ಜನ ನೋಡ್ಬೇಕು.”

ಶಾಂತಕ್ಕನಿಗೆ ಎಲ್ಲ ಹೇಳಿದೆ. ಅವಳು ಅಲ್ಲೇ ನಿಂತು ಮಾಲೀಕರಿಗೆ ಫೋನು ಹಚ್ಚಿದಳು. “ಸಾವುಕಾರ್ರ, ನಿಮ್ಮ ಗಿರಣಿ ನಮಗ ಕೂಡಸಾಕ ಬರವಲ್ದು. ಶನಿವಾರ ನಿಮ್ಮ ದೊಡ್ಡ ಸಾಹೇಬ್ರನ್ನ ಕರಕೊಂಡು ನೀವೂ ಬರ್ರಿ. ಬ್ಯಾರೆ ಸಂಘದ ಹೆಣ್ಮಕ್ಕಳೂ ಬರ್ತಾರ. ಛಲೋ ಕಂಡ್ರ ಅವರೂ ತಗೋತಾರ.” ಫೋನು ಇಟ್ಟು ನನ್ನನ್ನು ಕೇಳಿದಳು. “ಬೀಸಾಕ ಏನ್ ಹಾಕೂಣ್ರಿ? ಜ್ವಾಳ?”

“ಬ್ಯಾಡ. ಒಣಮೆಣಸಿನಕಾಯಿ.”

“ಬ್ಯಾಡಗಿ ಹಾಕ್ಲ್ಯೋ, ಗುಂಟೂರ ಹಾಕ್ಲ್ಯೋ?”

“ಯಾವುದು ಖಾರ?”

“ಬ್ಯಾಡಗಿ ಬಣ್ಣಕ್ಕರಿ. ಖಾರ ಅಂದ್ರ ಗುಂಟೂರ.”

“ಅದನ್ನೇ ಹಾಕು.”

ಶಾಂತಕ್ಕ ನನ್ನ ಮುಖ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಳಗೆ ಇಳಿದುಹೋದಳು.

ಶನಿವಾರ ಅಂಗಳದಲ್ಲಿ ಇಪ್ಪತ್ತು ಹೆಂಗಸರು. ಮಾಲೀಕರಿಗೆ ಕುರ್ಚಿ. ನಾನು ಪಂಚೆ ಹಾಸಿ, ಪುಸ್ತಕದ ಅಂಕಿಯ ಪ್ರಕಾರವೇ ಎಲ್ಲ ಭಾಗ ಜೋಡಿಸಿಟ್ಟಿದ್ದೆ. ಅರವಿಂದ ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದವರು ಬೂಟುಗಾಲಲ್ಲಿ ಪಂಚೆ ದಾಟಿ ಆಚೆ ನಿಂತರು. ಅಲ್ಲಿಯವರೆಗೆ ಮನಸ್ಸಿನಲ್ಲಿ ಒಂದು ಚೂರು ಕನಿಕರ ಇದ್ದಿದ್ದರೆ ಅದೂ ಹೋಯಿತು.

ನಾನು ಒಂದೊಂದೇ ಎತ್ತಿ ಕೊಟ್ಟೆ. ಅವರು ಕೂಡಿಸಿದರು. ಇಷ್ಟು ವರ್ಷ ಮಿಲ್ಲಿನ ಚಿತ್ರ ಮಾಡಿದವರ ಕೈಗೆ ಸ್ಪ್ಯಾನರು ಒಗ್ಗುತ್ತಿರಲಿಲ್ಲ. ಮಮತಾ ಮೇಲೆ ಮಹಡಿಯ ಕಟಾಂಜನ ಹಿಡಿದು ನಿಂತಿದ್ದಳು. ಒಂಬತ್ತನೆಯದು ಪುಲ್ಲಿ. ಹಾಕಿದರು. ಹತ್ತನೆಯದು ಮುಚ್ಚಳ. ಅದನ್ನು ಕೈಯಲ್ಲೇ ಹಿಡಿದುಕೊಂಡು ಎಲ್ಲರಿಗೂ ಕೇಳುವ ಹಾಗೆ ಒಂದು ಅವಕಾಶ ಕೊಟ್ಟೆ.

“ಸರ್, ಇದು ಪುಲ್ಲಿ ಆದ್ಮೇಲೆ ತಾನೆ? ಚೆನ್ನಾಗಿ ನೋಡಿ ಹೇಳಿ.”

“ಆಯಿಯವರ, ಚಿತ್ರದಾಗ ಹೆಂಗದ ಹಂಗರಿ. ನಿಮಗ ತಿಳಿಯಂಗಿಲ್ಲರಿ. ಕೊಡ್ರಿ ಈಕಡೆ.”

ಕೊಟ್ಟೆ. ಕೂಡಿಸಿ ಮುಗಿಸಿ, ಬೆಲ್ಟು ಏರಿಸಿ, ಹೆಂಗಸರಿಗೆ ವಿವರಿಸುತ್ತ ಪುಲ್ಲಿಯ ಪಕ್ಕದಲ್ಲೇ ನಿಂತರು. ಶಾಂತಕ್ಕ ಮೊರದಿಂದ ಗುಂಟೂರು ಸುರಿದು ಸ್ವಿಚ್ಚು ಹಾಕಿದಳು. ಹತ್ತು ಎಣಿಸುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಪುಲ್ಲಿಯ ಹಿಂದಿನ ಸಂದಿನಿಂದ ಕೆಂಪು ಪುಡಿ ಪಿಚಕಾರಿಯ ಹಾಗೆ ಹಾರಿತು. ಅಂಗಿ, ಕುತ್ತಿಗೆ, ಮೀಸೆ, ಮೂಗು. ಕಣ್ಣಿಗೆ ಕನ್ನಡಕ ಇತ್ತು. ಇಲ್ಲದಿದ್ದರೂ ನಾನು ಗುಂಟೂರನ್ನೇ ಹಾಕಿಸುತ್ತಿದ್ದೆ. ಇಪ್ಪತ್ತು ಹೆಂಗಸರು ಕೆಮ್ಮುತ್ತ ನಕ್ಕರು, ನಗುತ್ತ ಕೆಮ್ಮಿದರು. ಒಬ್ಬಳು, “ಹೋಳಿ ಹುಣ್ಣಿವಿ ಲಗೂ ಬಂತಲ್ರೇ!” ಎಂದು ಕೂಗಿದಳು.

ಶಾಂತಕ್ಕ ಮಿಲ್ಲು ನಿಲ್ಲಿಸಿದಳು. ಅರವಿಂದ ಸರ್ ಸೀನುವುದರ ನಡುವೆ ಮಾಲೀಕರಿಗೆ ಹೇಳುತ್ತಿದ್ದರು. “ನೋಡಿದ್ರಲಾ... ಆ ಹುಡುಗಿ... ಹೆಂಥಾ ಚಿತ್ರ ಬಿಡಿಸ್ಯಾಳ ನೋಡ್ರಿ...”

ನಾನು ಪುಸ್ತಕವನ್ನು ಮಾಲೀಕರ ಕೈಗೆ ಕೊಟ್ಟೆ. “ನಂಗೆ ಸರಿಯಾಗಿ ಓದಕ್ಕೆ ಬರಲ್ಲ ಸ್ವಾಮಿ. ಬಿಡಿಸಿದವರು ಅಂತ ಇದೆಯಲ್ಲ ಮೂಲೇಲಿ, ಅದರ ಮುಂದೆ ಏನಿದೆ, ವಸಿ ಜೋರಾಗಿ ಓದಿ.”

ಅವರು ಓದಿದರು. ಜೋರಾಗಿ ಓದಲಿಲ್ಲ. ಅದಕ್ಕೆ ಶಾಂತಕ್ಕ ಬಗ್ಗಿ ನೋಡಿ ಜೋರಾಗಿ ಓದಿದಳು. ಮಮತಾ ಇಳಿದು ಬಂದು ತಾನು ಮೊದಲು ಮಾಡಿದ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ತೆರೆದಳು. ಪುಲ್ಲಿ ಬಿಚ್ಚಿ, ಬೇರಿಂಗು ಒರೆಸಿ, ಅದರ ಪ್ರಕಾರ ಮುಚ್ಚಳ ಮೊದಲು, ಪುಲ್ಲಿ ಆಮೇಲೆ ಹಾಕಿ ತಾನೇ ಬಿಗಿದಳು. ಉಳಿದ ಮೆಣಸಿನಕಾಯಿ ಬೀಸಿದರು. ಒಂದು ಚಿಟಿಕೆ ಪುಡಿ ಹೊರಗೆ ಬರಲಿಲ್ಲ.

ಮಾಲೀಕರು ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ, “ಹುಡುಗಿ ಸೋಮವಾರ ಕೆಲಸಕ್ಕ ಬರ್ಲಿ. ಅಕಿ ಹೆಸರ ಹಾಕಿ ಹೊಸಾ ಪುಸ್ತಕ ಮಾಡಸ್ತೇನಿ. ಆಯಿಯವರ, ನಿಮಗೇನ್ ಬೇಕು ಹೇಳ್ರಿ,” ಎಂದರು.

ಅರವಿಂದ ಸರ್ ಅವರನ್ನು ಕೆಲಸದಿಂದ ತೆಗೆಯಿರಿ ಎನ್ನಬಹುದಿತ್ತು. ತೆಗೆದರೆ ಇನ್ನೊಂದು ಕಡೆ ಹೋಗಿ ಅದೇ ಇಸ್ತ್ರಿ ಅಂಗಿ ಹಾಕಿಕೊಂಡು ಕೂರುತ್ತಾರೆ. ನನಗೇನು ಬಂತು? ವಾಪಸು ಬಂದ ಏಳು ಮಿಲ್ಲನ್ನೂ ಇವರೇ ತಮ್ಮ ಕೈಯಿಂದ ಬಿಚ್ಚಿ, ತೊಳೆದು, ಕೂಡಿಸಬೇಕು, ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಕೂರಬೇಕು ಎಂದೆ. ಮಾಲೀಕರಿಗೂ ಮಿಲ್ಲು ರಿಪೇರಿ ಆಗಬೇಕಿತ್ತು. ಹೂಂ ಎಂದರು.

ಈಗ ವಾರಕ್ಕೆ ಎರಡು ದಿನ ಮಮತಾಳ ಜೊತೆ ತಾರಿಹಾಳಕ್ಕೆ ಹೋಗುತ್ತೇನೆ. ಅರವಿಂದ ಸರ್ ಪಂಚೆ ಹಾಸುತ್ತಾರೆ, ಬೂಟು ಬಿಟ್ಟು ಕೂರುತ್ತಾರೆ. ನಾನು ಅವರ ಊರಿನ ಮಾತಿನಲ್ಲೇ ಹೇಳುತ್ತೇನೆ. “ಆ ಬೋಲ್ಟು ಮೊದ್ಲ ಅಲ್ರಿ ಸರ್. ನಿಮಗ ತಿಳಿಯಂಗಿಲ್ಲರಿ. ಮತ್ತೊಮ್ಮೆ ಬಿಚ್ರಿ.” ಎಷ್ಟು ಚೆನ್ನಾಗಿ ಬರುತ್ತದೆ ಈ ‘ರಿ’ ಈಗ ನನ್ನ ಬಾಯಲ್ಲಿ! ಲೇತ್ ಯಂತ್ರದ ಮುಂದೆ ನಿಂತ ಹುಡುಗಿಯರು ಬೆನ್ನು ತಿರುಗಿಸಿ ನಗುತ್ತಾರೆ. ಶಾಂತಕ್ಕ ಒಂದು ದಿನ, “ಸಾಕ್ ಮಾಡ್ರಿ ಆಯಿ, ಅವರಿಗೂ ಮಕ್ಕಳದಾವ,” ಎಂದಳು. ನನಗೂ ಮೊಮ್ಮಗಳಿದ್ದಾಳೆ ಎಂದೆ.

ಊರಿನಿಂದ ಮಗ ಪ್ರತಿ ಭಾನುವಾರ ಫೋನು ಮಾಡುತ್ತಾನೆ. “ಯಾವಾಗ ಬತ್ತೀಯವ್ವ? ಮಮತಾ ಒಬ್ಬಳೇ ಇದ್ರೂ ಪರವಾಗಿಲ್ಲ ಅಂತ ಆ ಮನೆಯವರೇ ಹೇಳವ್ರಂತಲ್ಲ.” ನಿಜ, ಶಾಂತಕ್ಕ ಹೇಳಿದ್ದಾಳೆ. ಕರಾರಿನಲ್ಲಿ ಈಗ ನನ್ನ ಅಗತ್ಯ ಇಲ್ಲ. ಮಳವಳ್ಳಿಯ ಮಿಲ್ಲಿನ ಕಲ್ಲು ಮಗನ ಮಾತು ಕೇಳುತ್ತದೆ, ಇಲ್ಲಿ ಮಮತಾಳ ಹೆಸರು ಪುಸ್ತಕದ ಚೌಕದಲ್ಲಿ ಬಂದಾಗಿದೆ. ಎರಡು ಕಡೆಯೂ ನನ್ನನ್ನು ಕಾಯುವ ಕೆಲಸ ಯಾವುದೂ ಇಲ್ಲ, ತಾರಿಹಾಳದ ಶೆಡ್ಡಿನ ಆ ಕುರ್ಚಿ ಒಂದು ಬಿಟ್ಟು. ಏಳು ಮಿಲ್ಲು ಮುಗಿಯಲಿ, ಬರುತ್ತೇನೆ ಎಂದು ಮಗನಿಗೆ ಮಾತು ಕೊಟ್ಟಿದ್ದೇನೆ. ಕೊಟ್ಟ ಮಾತು ತಪ್ಪುವವಳಲ್ಲ ನಾನು.

ಮೊನ್ನೆ ಆರನೆಯದು ಮುಗಿಯಿತು. ಅರವಿಂದ ಸರ್ ಕೈ ಒರೆಸಿಕೊಂಡು ಎದ್ದರು. ಅವರ ಕೈ ಈಗ ಪಳಗಿದೆ, ಸುಳ್ಳು ಯಾಕೆ ಹೇಳಲಿ. ಮಮತಾ ಮಿಲ್ಲು ತಿರುಗಿಸಿ ನೋಡಿ ಸರಿಯಾಗಿದೆ ಎಂದಳು. ನಾನು ಪುಲ್ಲಿ ಮುಟ್ಟಿ, ಕಿವಿಯಿಟ್ಟು ಕೇಳಿ, ಇನ್ನೊಮ್ಮೆ ಬಿಚ್ರಿ ಎಂದೆ. ಅವರು ಮತ್ತೆ ಕೂತು ಸ್ಪ್ಯಾನರು ಎತ್ತಿಕೊಂಡರು. ಅದು ಮೂರನೆಯ ಸಲ.

ಬಸ್ಸಿನಲ್ಲಿ ಮಮತಾ ನನ್ನ ಕಡೆ ನೋಡದೆ, ಕಿಟಕಿಯ ಆಚೆ ನೋಡುತ್ತ ಕೇಳಿದಳು.

“ಅಜ್ಜಿ, ಅದು ಮೊದಲ್ನೇ ಸಲಕ್ಕೇ ಸರಿಯಾಗಿತ್ತಲ್ವಾ?”

“ಸುಮ್ಕಿರು,” ಎಂದೆ.